ಎದುರಿಲ್ಲದ ಅಂಗಳ

ಮದುಮಗಳ ತಲೆಯ ಮೇಲೆ ನೀರಿನ ಕೊಡ ಕೂತಾಯಿತು. ಬಾವಿಕಟ್ಟೆಯಿಂದ ಮನೆಯ ಮೆಟ್ಟಿಲಿಗೆ ಕಣ್ಣಳತೆಯ ದೂರ. ಸುಮ್ಮನೆ ನಡೆದರೆ ಒಂದು ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಒಳಗೆ ಹೋಗಿ ಕೂರಬಹುದು. ಇವತ್ತು ಅವಳನ್ನು ಹಾಗೆ ಸುಮ್ಮನೆ ನಡೆಯಲು ಯಾರೂ ಬಿಡುವುದಿಲ್ಲ. ಗಂಡಿನ ಕಡೆಯವರು ಆಗಲೇ ದಾರಿಗೆ ಅಡ್ಡ ನಿಂತಿದ್ದಾರೆ. ಹಲಸಿನ ಮರದ ಬುಡದಲ್ಲಿ ವಾಲಗದವರು ಡೋಲಿನ ಹಗ್ಗ ಬಿಗಿದು, ಪೀಪಿಗೆ ಒಮ್ಮೆ ಉಸಿರು ಊದಿ ನೋಡಿ, ಶುರು ಹಚ್ಚಿಕೊಂಡಿದ್ದಾರೆ.

ವಿರಾಜಪೇಟೆಯಿಂದ ಟಾರು ರಸ್ತೆ ಬಿಟ್ಟು ಕಾಫಿ ತೋಟದ ನಡುವಿನ ಓಣಿ ಹಿಡಿದರೆ ಸಿಗುವ, ಒಂದು ಕೊಡವ ಮನೆತನದ ಮೂಲಮನೆಯಾದ ಐನ್‌ಮನೆ ಇದು. ಏಪ್ರಿಲ್ ತಿಂಗಳು. ಹೂಮಳೆ ಬಿದ್ದು ಕಾಫಿ ಹೂ ಅರಳಿ ಉದುರಿಯೂ ಆಗಿದೆ. ಸಂಜೆಯ ಬಿಸಿಲು ಸಿಲ್ವರ್ ಓಕ್ ಮರಗಳ ಸಂದಿಯಿಂದ ಓರೆಯಾಗಿ ಅಂಗಳಕ್ಕೆ ಇಳಿದಿದೆ. ದಂಪತಿ ಮುಹೂರ್ತ ಮುಗಿದಿದೆ. ಅಲ್ಲಿ ಪುರೋಹಿತರೂ ಇರಲಿಲ್ಲ, ಹೋಮವೂ ಇರಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕೈಗೆ ನಾಣ್ಯ ಇಟ್ಟು ಹರಸಿದರು. ಕಡಂಬುಟ್ಟು, ಪಂದಿಕರಿಯ ಊಟ ಆಯಿತು. ಈಗ ಗಂಗಾಪೂಜೆ. ಹೊಸ ಮನೆಯ ಬಾವಿಯಿಂದ ಮದುಮಗಳು ನೀರು ಹೊತ್ತು ತರಬೇಕು. ಗಂಡಿನ ನೆಂಟರು ಅವಳ ಮುಂದೆ ಕುಣಿಯುತ್ತ, ದಾರಿ ಬಿಡದೆ, ಅವಳ ತಾಳ್ಮೆ ನೋಡಬೇಕು. ಒಂದು ಗಂಟೆ ಹಿಡಿಯಬಹುದು, ಮೂರೂ ಹಿಡಿಯಬಹುದು. ಹಿಂದಿನವರು ರಾತ್ರಿ ಊಟದ ಹೊತ್ತಿನವರೆಗೂ ನಿಲ್ಲಿಸಿದ್ದುಂಟಂತೆ.

ಮದುಮಗಳು ನನ್ನ ಹಾಸ್ಟೆಲ್ ಗೆಳತಿ. ಮೈಸೂರಿನಲ್ಲಿ ನಾನು ಬೆಳಗಿನ ಜಾವ ಎದ್ದು ಭರತನಾಟ್ಯದ ಗೆಜ್ಜೆ ಕಟ್ಟುವಾಗೆಲ್ಲ ದಿಂಬಿನಿಂದ ಕಿವಿ ಮುಚ್ಚಿಕೊಂಡು ಬೈದವಳು. ಅವಳ ಪಕ್ಕ ಜೊತೆಗಾತಿ ಬೋಜಕಾರ್ತಿ ನಿಂತಿದ್ದಾಳೆ, ಕೊಡ ಅಲುಗಿದರೆ ಹಿಡಿಯಲು. ನಾನು ಹತ್ತಡಿ ದೂರದಲ್ಲಿ, ಫೋನ್ ಕೈಯಲ್ಲಿ ಹಿಡಿದು.

ಮೊದಲು ಕಣ್ಣಿಗೆ ಬೀಳುವುದು ಕೈಗಳು. ಕುಪ್ಯ ಎಂಬ ಕಪ್ಪು ನಿಲುವಂಗಿಯ ತೋಳುಗಳು ಮೇಲೆದ್ದಿವೆ, ಮಣಿಕಟ್ಟು ಮಾತ್ರ ತಿರುಗುತ್ತಿದೆ. ಅಭ್ಯಾಸಬಲ, ನಾನು ಹಸ್ತ ಹುಡುಕುತ್ತೇನೆ. ಅಲಪದ್ಮವೇ? ಕಟಕಾಮುಖವೇ? ಯಾವುದೂ ಅಲ್ಲ. ಆ ಬೆರಳುಗಳು ಹೂವನ್ನೂ ಹೇಳುತ್ತಿಲ್ಲ, ನವಿಲನ್ನೂ ಹೇಳುತ್ತಿಲ್ಲ. ಸೈನ್ಯದಿಂದ ನಿವೃತ್ತರಾದವರು ಎಂದು ನಿಲುವಿನಲ್ಲೇ ಗೊತ್ತಾಗುವ ಒಬ್ಬರು ಬೆನ್ನನ್ನು ಒಂದಿಷ್ಟೂ ಬಾಗಿಸದೆ, ಕಣ್ಣು ಮುಚ್ಚಿ, ನಿಂತಲ್ಲೇ ಸಣ್ಣಗೆ ಸುತ್ತು ಹಾಕುತ್ತಿದ್ದಾರೆ. ಅವರ ಬಲಕ್ಕೆ ಭಾರೀ ಮೈಯ ಮಾವ ಒಬ್ಬರು. ಹಿಮ್ಮಡಿ ಎತ್ತಿ ಇಳಿಸುವುದಷ್ಟೇ ಅವರ ಕುಣಿತ, ಆದರೆ ಆ ಇಳಿಸುವಿಕೆ ಡೋಲಿನ ಪೆಟ್ಟಿಗಿಂತ ಕೂದಲೆಳೆಯಷ್ಟು ತಡ, ಪ್ರತಿ ಸಲವೂ ಅಷ್ಟೇ ತಡ. ನಮ್ಮ ಟೀಚರ್ ಇಲ್ಲಿದ್ದರೆ ತಟ್ಟುಕಳಿಯಿಂದ ಮಣೆಗೆ ಬಾರಿಸಿ "ತಾಳ!" ಎನ್ನುತ್ತಿದ್ದರು. ಇಲ್ಲಿ ಅದೇ ಸೊಗಸು. ಕಾಲೇಜು ಹುಡುಗನೊಬ್ಬ ಸಿನಿಮಾ ಸ್ಟೆಪ್ಪು ಹಾಕುತ್ತ ನುಗ್ಗಿ ಬಂದ. ಸ್ವಲ್ಪ ಹೊತ್ತಿಗೆ ಮೈ ಬೆವರಿ, ಉಸಿರು ಕಟ್ಟಿ, ಕೈ ಕೆಳಗಿಳಿದು, ಈಗ ಬೇರೆಯೇ ಥರ ಆಡುತ್ತಿದ್ದಾನೆ.

"ನೋಡಿ ನೋಡಿ, ಅವರಪ್ಪಂದೇ ಕೈ," ಎಂದು ಜಗಲಿಯ ಐಮರದ ಹಲಗೆಯ ಮೇಲೆ ಕೂತ ಹೆಂಗಸೊಬ್ಬರು ಪಕ್ಕದವರಿಗೆ ತೋರಿಸುತ್ತಾರೆ. ಹುಡುಗನಿಗೆ ಅದು ಗೊತ್ತಿಲ್ಲ.

ಕುಣಿಯುವವರು ಕೊಡವರು, ನುಡಿಸುವವರು ಬೇರೆ. ಕೊಡವರ ಮದುವೆಗೂ ಹಬ್ಬಕ್ಕೂ ಸಾವಿಗೂ ವಾಲಗ ಬೇಕು, ಅದನ್ನು ತಲೆಮಾರುಗಳಿಂದ ನುಡಿಸುತ್ತ ಬಂದವರು ಮೇದ, ಕೆಂಬಟ್ಟಿ ಸಮುದಾಯದವರು. ಮದುವೆಯ ವಿಡಿಯೋದಲ್ಲಿ ಅವರ ಮುಖ ಅಪ್ಪಿತಪ್ಪಿ ಬಂದರೆ ಬಂತು. ನಾನು ಈಗ ನೋಡುತ್ತಿರುವುದು ಅವರನ್ನೇ. ಪೀಪಿಯವರ ಕಣ್ಣು ಕುಣಿಯುವವರ ಮೇಲಿಲ್ಲ, ಮದುಮಗಳ ಕತ್ತಿನ ಮೇಲಿದೆ. ಕೊಡ ಸ್ವಲ್ಪ ನಡುಗಿದರೆ ಸ್ವರ ಕೆಳಗಿಳಿಯುತ್ತದೆ, ಕುಣಿತ ಮೆತ್ತಗಾಗುತ್ತದೆ, ಅವಳಿಗೆ ಎರಡು ಹೆಜ್ಜೆ ಸಿಗುತ್ತದೆ. ಯಾರಿಗೂ ಹೇಳದೆ ಅವರು ಅವಳನ್ನು ಮನೆ ಮುಟ್ಟಿಸುತ್ತಿದ್ದಾರೆ. ಮತ್ತೆ ಡೋಲು ಏರುತ್ತದೆ. ನನ್ನ ಕಿವಿಗೆ ಇದು ತಿಶ್ರ ನಡೆ, ತಕಿಟ ತಕಿಟ. ಎಣಿಸುತ್ತ ಎಣಿಸುತ್ತ ಮುಕ್ತಾಯಕ್ಕೆ ಕಾಯುತ್ತೇನೆ. ಭರತನಾಟ್ಯದಲ್ಲಿ ಜತಿ ಎಷ್ಟೇ ಉದ್ದವಾದರೂ ತೀರ್ಮಾನ ಇದ್ದೇ ಇರುತ್ತದೆ. ಮೂರು ಸಲ ಒಂದೇ ಗುಚ್ಛ ಬಂದು ಸಮಕ್ಕೆ ಬೀಳುತ್ತದೆ, ಚಪ್ಪಾಳೆ ಹೊಡೆಯಬೇಕಾದ್ದು ಎಲ್ಲಿ ಎಂದು ಕುಳಿತವರಿಗೂ ಗೊತ್ತಾಗುತ್ತದೆ. ವಾಲಗದಲ್ಲಿ ಅಂಥ ಜಾಗವೇ ಬರುವುದಿಲ್ಲ. ಹೋಗುತ್ತಲೇ ಇರುತ್ತದೆ.

ಯಾರೋ ನನ್ನ ಮುಂಗೈ ಹಿಡಿದರು. ಗಂಡಿನ ಅಜ್ಜಿ. ಕೊಡವ ಉಡುಗೆ, ನೆರಿಗೆ ಹಿಂದಕ್ಕೆ, ತಲೆಗೆ ವಸ್ತ್ರ.

"ನೀನು ಡ್ಯಾನ್ಸಿನವಳಂತೆ. ಬಾ."

"ನಾನು ಹೆಣ್ಣಿನ ಕಡೆ ಅಜ್ಜಿ."

"ಅದಕ್ಕೇ ಬಾ. ಅವಳ ಸ್ನೇಹಿತೆಯೇ ದಾರಿ ಕಟ್ಟಿದ್ರೆ ಮಜಾ."

ಕೊಡದ ಕೆಳಗಿನಿಂದ ಗೆಳತಿ ನನ್ನನ್ನು ನೋಡಿದಳು. ತುಟಿ ಅಲುಗಿತು. ಸದ್ದಿಲ್ಲದಿದ್ದರೂ ಅರ್ಥವಾಯಿತು, ಒಳ್ಳೆಯ ಮಾತಲ್ಲ.

ಒಳಗೆ ಹೋದೆ. ವಾಲಗದ ಮೊದಲ ಸುತ್ತಿಗೇ ಮೊಣಕಾಲು ಹೊರಕ್ಕೆ ತಿರುಗಿ ಮೈ ತಾನಾಗಿ ಅರಮಂಡಿಗೆ ಕೂತಿತು. ತೋಳು ಭುಜದ ಮಟ್ಟಕ್ಕೆ ಬಂದು ನಾಟ್ಯಾರಂಭದಲ್ಲಿ ನಿಂತಿತು. ಗದ್ದ ಎತ್ತಿತು. ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳನ್ನು ದಾಟಿ ಬಂದ ಮೈ ಇದು, ಕರೆದರೆ ಇಷ್ಟು ಹಾಜರು ಮಾಡುತ್ತದೆ. ಆಮೇಲೆ ಅದು ಇನ್ನೊಂದನ್ನು ಕೇಳಿತು: ಎದುರು ಯಾವುದು? ನಾನು ಮದುಮಗಳ ಕಡೆ ತಿರುಗಿದೆ. ಆದರೆ ಉಳಿದವರು ಅವಳ ಮುಂದೆಯೇ ಕುಣಿಯುತ್ತಿದ್ದರೂ ಅವಳಿಗೆ ಬೆನ್ನು ಹಾಕಿದ್ದಾರೆ. ಫೋಟೋದವನ ಕಡೆ ತಿರುಗೋಣವೆಂದರೆ ಅವನು ಬಾವಿಕಟ್ಟೆ ಹತ್ತಿ ಬೇರೇನೋ ಹಿಡಿಯುತ್ತಿದ್ದಾನೆ. ಎಡಕ್ಕೆ ಮಾವ, ಬಲಕ್ಕೆ ಸೈನ್ಯದವರು, ಹಿಂದೆ ಹುಡುಗರು. ಯಾರೂ ಯಾರಿಗೂ ತೋರಿಸುತ್ತಿಲ್ಲ. ನೆರಿಗೆ ಮುಂದಿರುವ ನನ್ನ ಸೀರೆ ಮೊಣಕಾಲಿಗೆ ಸಿಕ್ಕಿಕೊಳ್ಳುತ್ತಿದೆ, ಅಜ್ಜಿಯ ಹೆಜ್ಜೆಗೆ ಅಂಥ ತಡೆಯೇ ಇಲ್ಲ.

ಅಜ್ಜಿ ನನ್ನ ಕಾಲನ್ನೇ ನೋಡುತ್ತಿದ್ದರು.

"ಹೀಗೆ ಕೂತು ಕೂತು ಆಡಿದ್ರೆ ಎಷ್ಟು ಹೊತ್ತು ಎಳೀತೀಯ ಕುಂಞಿ? ಇನ್ನೂ ಮೆಟ್ಟಿಲು ಬಂದಿಲ್ಲ."

ಟೀಕೆಯಲ್ಲ, ಲೆಕ್ಕ. ನಮ್ಮ ಕಛೇರಿಯಲ್ಲಿ ಬೆವರಿಳಿಸುವುದು ವರ್ಣ. ಅದು ಮುಕ್ಕಾಲು ಗಂಟೆ ಆದೀತು, ನಡುವೆ ಅಭಿನಯ ಬಂದಾಗ ಕಾಲಿಗೆ ಬಿಡುವು. ಇಲ್ಲಿ ಬಿಡುವು ಅಂತ ಬೇರೆ ಇಲ್ಲ, ಕುಣಿತದೊಳಗೇ ಅದನ್ನು ಹುಡುಕಿಕೊಳ್ಳಬೇಕು. ಅಜ್ಜಿ ಹುಡುಕಿಕೊಂಡಿದ್ದಾರೆ. ಮೊಣಕಾಲು ಸಡಿಲ, ತೂಕ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ, ಕೈ ಎದೆಯ ಮಟ್ಟದಲ್ಲಿ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಏರಿ ಇಳಿಯುತ್ತದೆ. ಒಂದು ಬಾರಿ ಎಡ ಭುಜ ಮುಂದೆ ಬರುತ್ತದೆ, ಮುಂದಿನ ಸುತ್ತಿಗೆ ಬರುವುದಿಲ್ಲ. ಅದು ಯಾವಾಗ ಬರುತ್ತದೆಂದು ಕಾಯುವುದೇ ನನಗೆ ಕೆಲಸವಾಯಿತು.

ಹೊತ್ತು ಇಳಿಯಿತು. ನನ್ನ ತೊಡೆ ಉರಿಯತೊಡಗಿ, ಅರಮಂಡಿ ಮೊದಲು ಅರ್ಧವಾಯಿತು, ಆಮೇಲೆ ಕಾಲಾಯಿತು, ಕೊನೆಗೆ ಮೊಣಕಾಲಿನ ಒಂದು ನೆನಪು ಮಾತ್ರ ಉಳಿಯಿತು. ತೋಳು ಮೊಣಕೈವರೆಗೆ ಮಡಚಿಕೊಂಡಿತು. ಬೆನ್ನು ಮಾತ್ರ ಬೀಳಲಿಲ್ಲ. ದಣಿದಷ್ಟೂ ಅದು ನೆಟ್ಟಗಾಯಿತು. ಯಾರೂ ಕಲಿಸದ ಇನ್ನೊಂದೂ ನಡೆಯಿತು: ಬಲಗಾಲು ನೆಲ ಮುಟ್ಟುವ ಮೊದಲು ಒಂದು ಕ್ಷಣ ಗಾಳಿಯಲ್ಲಿ ತಡೆಯುತ್ತಿತ್ತು. ತರಗತಿಯಲ್ಲಿ ವರ್ಷಗಟ್ಟಲೆ "ಕಾಲು ತಡ ಮಾಡಬೇಡ" ಎಂದು ತಿದ್ದಿಸಿಕೊಂಡ ಅದೇ ತಡ. ತಿದ್ದಿ ಹೋಯಿತು ಎಂದುಕೊಂಡಿದ್ದೆ. ಒಳಗೇ ಕಾದು ಕೂತಿತ್ತು.

ಮೆಟ್ಟಿಲು ಬಂತು. ಗೆಳತಿ ಕೊಡದೊಂದಿಗೆ ಒಳಗೆ, ನಡುಬಾಡೆಯ ಹಜಾರಕ್ಕೆ ಹೋದಳು.

ರಾತ್ರಿ ಊಟದ ನಂತರ ಐಮರದ ಮೇಲೆ ಕಾಲು ಚಾಚಿ ಕೂತಿದ್ದೇನೆ. ಅಂಗಳದಲ್ಲಿ ಇನ್ನೂ ನಾಲ್ಕಾರು ಜನ ಆಡುತ್ತಿದ್ದಾರೆ. ವಾಲಗದವರು ಊಟಕ್ಕೆ ಹೋಗಿರುವುದರಿಂದ ಸ್ಪೀಕರಿನಲ್ಲಿ ರೆಕಾರ್ಡ್ ಹಾಕಿಕೊಂಡಿದ್ದಾರೆ. ಮಂಡಿಗೆ ಯಾರೋ ಕೊಟ್ಟ ಎಣ್ಣೆ ತಿಕ್ಕುತ್ತ ನಾನು ಆ 'ಎದುರು' ಎಂಬುದರ ಬೆನ್ನು ಹತ್ತಿದ್ದೇನೆ.

ನಮ್ಮ ನಾಟ್ಯಕ್ಕೆ ಯಾವಾಗಲೂ ಎದುರೊಂದು ಇದ್ದೇ ಇತ್ತು. ಗುಡಿಯಲ್ಲಿ ದೇವರು, ಅರಮನೆಯಲ್ಲಿ ದೊರೆ. ತಂಜಾವೂರಿನ ನಾಲ್ವರು ಸಹೋದರರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, 19ನೇ ಶತಮಾನದ ಮೊದಲರ್ಧದಲ್ಲಿ ಅಡವುಗಳನ್ನೂ ಕಛೇರಿಯ ಕ್ರಮವನ್ನೂ ಒಂದು ಅಚ್ಚಿಗೆ ತಂದರು. ಅವರಲ್ಲಿ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ, ಅಂದರೆ ನಮ್ಮ ಮೈಸೂರಿಗೇ ಬಂದವರು. 1935ರಲ್ಲಿ ರುಕ್ಮಿಣೀದೇವಿ ಅಡ್ಯಾರಿನಲ್ಲಿ ರಂಗಕ್ಕೇರಿ, ಮರುವರ್ಷ ಕಲಾಕ್ಷೇತ್ರ ಕಟ್ಟಿದ ಮೇಲೆ ದೇವರೂ ದೊರೆಯೂ ಇದ್ದ ಜಾಗಕ್ಕೆ ಕುರ್ಚಿಗಳ ಸಾಲು ಬಂತು. ದೇವರ ವಿಗ್ರಹ ವೇದಿಕೆಯ ಬದಿಗೆ ಸರಿಯಿತು. ಈಗ ಕುರ್ಚಿಯ ಜಾಗಕ್ಕೆ ಫೋನು ಬಂದಿದೆ. ಇಷ್ಟರ ನಡುವೆ ಬದಲಾಗದ್ದು ಒಂದೇ, ನರ್ತಕಿ ನಿಲ್ಲುವ ದಿಕ್ಕು.

ಸ್ವಂತ ಶೈಲಿ ಬೇಕೆಂದು ಹೊರಟ ನಮ್ಮ ವಯಸ್ಸಿನವರು ಹೆಚ್ಚಾಗಿ ಮಾಡುವುದು ಇಷ್ಟು: ಒಡವೆ ತೆಗೆಯುತ್ತೇವೆ, ಕಪ್ಪು ಬಟ್ಟೆ ಹಾಕುತ್ತೇವೆ, ಮೃದಂಗದ ಜೊತೆ ಗಿಟಾರ್ ಕೂರಿಸುತ್ತೇವೆ, ಸ್ವಲ್ಪ ನೆಲದ ಮೇಲೆ ಉರುಳುತ್ತೇವೆ. ಉರುಳಿ ಎದ್ದ ಮೇಲೂ ಮುಖ ಮಾತ್ರ ಕುರ್ಚಿಗಳ ಕಡೆಗೇ.

ಹಿಂದಿನವರು ಇಷ್ಟು ಅಗ್ಗದಲ್ಲಿ ಮುಗಿಸಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ 1928ರಲ್ಲಿ ಹುಟ್ಟಿದ ಮಾಯಾ ರಾವ್ ಚಿಕ್ಕವರಿದ್ದಾಗಲೇ ಕಥಕ್ ಹಿಡಿದು, ದೆಹಲಿಯಲ್ಲಿ ಶಂಭು ಮಹಾರಾಜರ ಬಳಿ ಪಳಗಿ, ಹೆಸರು ಬಂದ ಮೇಲೂ 1960ರ ದಶಕದ ಶುರುವಿನಲ್ಲಿ ಮಾಸ್ಕೋಗೆ ಹೋಗಿ ಮತ್ತೆ ವಿದ್ಯಾರ್ಥಿನಿಯಾಗಿ ಕೂತರು. ಕಲಿತದ್ದು ಬ್ಯಾಲೆಯ ಹೆಜ್ಜೆಯನ್ನಲ್ಲ, ನೃತ್ಯ ಸಂಯೋಜನೆಯನ್ನು. ಯಾರು ಎಲ್ಲಿ ನಿಲ್ಲಬೇಕು, ಖಾಲಿ ಜಾಗವನ್ನು ಹೇಗೆ ಬಳಸಬೇಕು, ಹತ್ತು ಮೈಗಳು ಒಂದೇ ಮಾತನ್ನು ಹೇಗೆ ಹಂಚಿಕೊಳ್ಳಬೇಕು ಎನ್ನುವುದೂ ಒಂದು ವಿದ್ಯೆ ಎಂದು ನಮ್ಮಲ್ಲಿ ಮೊದಲು ಪಾಠ ಮಾಡಿ ತೋರಿಸಿದವರಲ್ಲಿ ಅವರು ಒಬ್ಬರು. 1987ರಲ್ಲಿ ತಮ್ಮ ಶಾಲೆಯನ್ನು ದೆಹಲಿಯಿಂದ ಬೆಂಗಳೂರಿಗೆ ತಂದರು, 2014ರಲ್ಲಿ ತೀರಿಕೊಂಡರು. ಮಗಳು ಮಧು ನಟರಾಜ್ ಕಥಕ್ ಕಲಿತು, 1995ರಲ್ಲಿ ಸ್ಟೆಮ್ ಎಂಬ ಸಮಕಾಲೀನ ನೃತ್ಯತಂಡ ಕಟ್ಟಿದರು. ಮದ್ರಾಸಿನಲ್ಲಿ ಚಂದ್ರಲೇಖಾ ಭರತನಾಟ್ಯದಲ್ಲಿ ಗಟ್ಟಿಯಾಗಿ ನಿಂತ ಮೇಲೆ ವರ್ಷಗಟ್ಟಲೆ ವೇದಿಕೆಯಿಂದ ದೂರ ಉಳಿದು, 1985ರ 'ಅಂಗಿಕ'ದಲ್ಲಿ ಮರಳಿ ಬಂದಾಗ ದೇವರೂ ಇರಲಿಲ್ಲ, ವಿರಹಿಣಿ ನಾಯಿಕೆಯೂ ಇರಲಿಲ್ಲ. ಅಡವು ಇತ್ತು, ಕಳರಿಪಯಟ್ಟು ಇತ್ತು, ಬೆನ್ನುಹುರಿ ಇತ್ತು.

ಆದರೆ ಈ ರಾತ್ರಿ ನನಗೆ ಅವರೆಲ್ಲರಿಗಿಂತ ಹತ್ತಿರ ಕಾಣುವವರು ಕೆ. ವೆಂಕಟಲಕ್ಷಮ್ಮ. ಕಡೂರಿನ ಕಡೆಯ ತಾಂಡಾದಲ್ಲಿ ಲಂಬಾಣಿ ಮನೆಯಲ್ಲಿ 1906ರಲ್ಲಿ ಹುಟ್ಟಿ, ಎಂಟರ ವಯಸ್ಸಿಗೆ ಜಟ್ಟಿ ತಾಯಮ್ಮನವರ ಕೈಗೆ ಬಿದ್ದು, ಅರಮನೆಯ ವಿದುಷಿಯಾದವರು. ಮೈಸೂರು ಶೈಲಿ ಎಂದು ನಾವು ಇವತ್ತು ಪರೀಕ್ಷೆಯಲ್ಲಿ ಬರೆಯುವುದು ಬಹುಪಾಲು ಈ ಇಬ್ಬರು ಹೆಂಗಸರ ಮುಖದಲ್ಲಿ, ಕೈಯಲ್ಲಿ ಉಳಿದು ಬಂದದ್ದು. ತಾಯಮ್ಮ ಪೈಲ್ವಾನರ ಮಗಳು. ಒಂದೇ ಸಾಲಿಗೆ ಮತ್ತೆ ಮತ್ತೆ ಬೇರೆ ಅರ್ಥ ಹುಟ್ಟಿಸಿ ತೋರಿಸುವುದು ಆ ಪರಂಪರೆಯ ಹೆಗ್ಗಳಿಕೆ. ವೆಂಕಟಲಕ್ಷಮ್ಮನವರಿಗೆ ಪದ್ಮಭೂಷಣ ಬಂದದ್ದು 1992ರಲ್ಲಿ. ವಯಸ್ಸಾದ ಮೇಲಿನ ಅವರ ಅಭಿನಯದಲ್ಲಿ ಕಾಲಿಗೆ ಕೆಲಸ ಕಡಿಮೆ, ಹುಬ್ಬಿನ ಒಂದು ಎಳೆತಕ್ಕೆ ಎಲ್ಲ ಕೆಲಸ. ಅದನ್ನು ನಾವು ಶಾಸ್ತ್ರ ಎಂದು ಕಲಿತೆವು. ಶಾಸ್ತ್ರವೂ ಹೌದು. ಆದರೆ ಅಂಗಳದಲ್ಲಿ ಆ ಅಜ್ಜಿಯ ಎಡ ಭುಜ ಕಂಡ ಮೇಲೆ ಅನ್ನಿಸುತ್ತಿದೆ, ವಯಸ್ಸಾದ ಮೈಯೊಂದು ತನಗೆ ಬೇಡದ್ದನ್ನೆಲ್ಲ ಬಿಡುತ್ತ ಬಂದು ಉಳಿಸಿಕೊಂಡದ್ದು ಅದು.

ಬೆಳಗ್ಗೆ ಮನೆಯವರು ಏಳುವ ಮೊದಲು ಕಾಫಿ ಕಣಕ್ಕೆ ಹೋದೆ. ಕೊಯ್ಲು ಮುಗಿದು ಕಣ ಖಾಲಿ. ಸಿಮೆಂಟು ಇನ್ನೂ ತಣ್ಣಗಿದೆ. ಮೂಲೆಯಲ್ಲಿ ಹಳೆಯ ಚೀಲಗಳು, ಒಂದು ಮರದ ಹಲುಬೆ. ಕನ್ನಡಿ ಇಲ್ಲ, ನಟರಾಜನ ಮೂರ್ತಿ ಇಲ್ಲ, ಮಣೆಯ ಮುಂದೆ ಟೀಚರ್ ಇಲ್ಲ. ನೆಲ ಮುಟ್ಟಿ ನಮಸ್ಕಾರ ಮಾಡಿ ತಟ್ಟಡವಿನಿಂದ ಶುರು ಮಾಡಿದೆ. ತೈಯಾ ತೈ.

ರೆಕಾರ್ಡ್ ಮಾಡಿ ನೋಡೋಣವೆಂದು ಫೋನನ್ನು ಚೀಲಕ್ಕೆ ಒರಗಿಸಿ ಇಟ್ಟೆ. ಇಟ್ಟದ್ದೇ ತಡ, ಮೈ ಅದರ ಕಡೆ ತಿರುಗಿತು. ಅರಮಂಡಿ ಆಳವಾಯಿತು, ತುಟಿಯ ಮೇಲೆ ವೇದಿಕೆಯ ನಗೆ ಬಂದು ಕೂತಿತು. ಬೆಳಗಿನ ಆರು ಗಂಟೆ, ಒಂದು ಮೈನಾ ಹಕ್ಕಿ ಬಿಟ್ಟರೆ ಯಾರೂ ಇಲ್ಲದ ಕಣ, ಅಲ್ಲಿ ನಾನು ಚೀಲವೊಂದಕ್ಕೆ ಮುಗುಳ್ನಗುತ್ತಿದ್ದೇನೆ. ಫೋನ್ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡೆ.

ಆಮೇಲೆ ನಾಟ್ಟಡವನ್ನು ಹಿಡಿದು, ಪ್ರತಿ ಆವರ್ತಕ್ಕೂ ಕಾಲು ಸುತ್ತು ತಿರುಗಿದೆ. ಒಮ್ಮೆ ಮನೆ ಎದುರು, ಒಮ್ಮೆ ಗದ್ದೆ, ಒಮ್ಮೆ ತೋಟ, ಒಮ್ಮೆ ಗೇಟು. ಹೇಳಿದರೆ ಸುಲಭ, ಮಾಡಿದರೆ ತಲೆ ಸುತ್ತುತ್ತದೆ. ಯಾಕೆಂದರೆ ಅಡವು ಎನ್ನುವುದು ನೇರಗೆರೆಗಳ ಕಟ್ಟಡ. ಕೈ ಕರ್ಣಕ್ಕೆ ಹೋದರೆ ಕಣ್ಣೂ ಕರ್ಣಕ್ಕೆ, ಆ ಕರ್ಣ ಎಲ್ಲಿಂದ ಎಲ್ಲಿಗೆ ಎಂದು ಗೊತ್ತಾಗಲು ಎದುರಿನ ಗೋಡೆ ಬೇಕು. ಗೋಡೆ ತೆಗೆದರೆ ಗೆರೆ ಮೊದಲು ತಬ್ಬಿಬ್ಬಾಗುತ್ತದೆ. ಆಮೇಲೆ ಅದು ಒಂದು ಆಸರೆ ಹುಡುಕಿಕೊಳ್ಳುತ್ತದೆ. ನನ್ನದು ಬೆನ್ನನ್ನು ಹುಡುಕಿಕೊಂಡಿತು. ಗದ್ದೆಯೂ ತೋಟವೂ ತಿರುಗುತ್ತಿದ್ದಾಗ ತಿರುಗದೆ ನಿಂತದ್ದು ಅದೊಂದೇ. ಕೈ ಈಗ ಅದರಿಂದ ಹೊರಟು ಅದಕ್ಕೇ ಮರಳುತ್ತಿತ್ತು. ಬಲಗಾಲಿನ ಆ ತಡವೂ ಬಂತು. ತಿದ್ದಲು ಹೋಗಲಿಲ್ಲ. ತಡವಾದಾಗಲೆಲ್ಲ ಮೇಲಿನ ಮೈ ಕಾಯುವುದನ್ನು ಕಲಿಯಬೇಕಾಯಿತು, ಹಾಗೆ ಕಾಯುವಾಗ ಕೈಗೊಂದು ಹೊಸ ಕೆಲಸ ಹುಟ್ಟಿತು. ಅದಕ್ಕೆ ಹೆಸರಿಲ್ಲ. ಇಡಬೇಕೆಂದೂ ಅನ್ನಿಸಲಿಲ್ಲ.

"ಏನೇ ಇದು, ನೆಂಟಳು ಬೆಳಗ್ಗೆ ಎದ್ದು ಕಣ ತುಳೀತಿದ್ದಾಳೆ," ಎಂದು ಯಾರೋ ಅಡುಗೆಮನೆಯ ಕಿಟಕಿಯಿಂದ ನಕ್ಕರು. ಕಾಫಿ ಬಂತು.

ಸುಗ್ಗಿಯ ಹಬ್ಬ ಪುತ್ತರಿಗೆ ಮತ್ತೆ ಕೊಡಗಿಗೆ ಹೋದೆ. ಡಿಸೆಂಬರ್, ಭತ್ತದ ಗದ್ದೆ ಹೊಂಬಣ್ಣ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಗುಡಿಯಲ್ಲಿ ಹಬ್ಬದ ಮುಹೂರ್ತ ಗೊತ್ತಾದ ಮೇಲೆ ಕೊಡಗಿಗೆ ಕೊಡಗೇ ಆ ಗಳಿಗೆಗೆ ಕಾಯುತ್ತದೆ. ರಾತ್ರಿ ಕದಿರು ಕೊಯ್ದು, ಕೋವಿಯ ಗುಂಡು ಹಾರಿಸಿ, "ಪೊಲಿ, ಪೊಲಿ" ಎಂದು ಕೂಗುತ್ತ ಮನೆಗೆ ತರುತ್ತಾರೆ. ಅದಾದ ಮೇಲೆ ಊರ ಮಂದ್‌ನಲ್ಲಿ ಕೋಲಾಟ.

ಮಂದ್ ಎಂದರೆ ಊರಿನ ಬಯಲು. ವೇದಿಕೆ ಇಲ್ಲ. ಗಂಡಸರು ಕೋಲು ಹಿಡಿದು ಸುತ್ತುಗಟ್ಟಿದ್ದಾರೆ, ದುಡಿ ಬಾರಿಸುತ್ತ ಹಾಡುವವರ ದನಿ ಚಳಿಗೆ ಒಡೆಯುತ್ತಿದೆ. ನಾನು ಹೆಂಗಸರ ಜೊತೆ ಅಂಚಿನಲ್ಲಿದ್ದೇನೆ, ಕಾಲಡಿಯಲ್ಲಿ ಇಬ್ಬನಿ. ನಡುವೆ ಜಾಗ ಬಿಡಿಸಿ ಇಬ್ಬರನ್ನು ನಿಲ್ಲಿಸಿದರು. ಪರೆಯಕಳಿ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬಹುದು. ದುಡಿಯ ಬಡಿತಕ್ಕೆ ಇಬ್ಬರೂ ಹಾರುತ್ತ, ಹಿಂದೆ ಸರಿಯುತ್ತ ಆಡುತ್ತಾರೆ, ಬೆತ್ತ ಬೀಸಿದ ಸದ್ದು ಮೀನಖಂಡಕ್ಕೆ ಬಿದ್ದ ಸದ್ದಿಗಿಂತ ಮೊದಲು ಕೇಳುತ್ತದೆ. ಪಕ್ಕದವರು "ಅಯ್ಯೋ" ಎಂದರು. ಹೊಡೆಸಿಕೊಂಡವನು ನಗುತ್ತಿದ್ದ.

ಈ ಸುತ್ತಿನಲ್ಲಿ ನೋಡಲು ಒಳ್ಳೆಯ ಜಾಗ ಅಂತ ಒಂದಿಲ್ಲ. ನಾನು ನಿಂತಲ್ಲಿಂದ ಅರ್ಧ ಜನರ ಬೆನ್ನು ಕಾಣುತ್ತದೆ. ಸುತ್ತು ತಿರುಗಿದಾಗ ಆ ಬೆನ್ನುಗಳೇ ಮುಖವಾಗುತ್ತವೆ.

ಅದೇ ವಾರ ಉಮ್ಮತ್ತಾಟ್ ನೋಡಿದ್ದು ವೇದಿಕೆಯ ಮೇಲೆ. ಹೆಣ್ಣುಮಕ್ಕಳ ಕುಣಿತ ಇದು. ಕೈಯಲ್ಲಿ ಹಿತ್ತಾಳೆಯ ಪುಟ್ಟ ತಾಳ, ನಡುವೆ ನೀರು ತುಂಬಿದ ಕಲಶ ಹಿಡಿದು ಕಾವೇರಿಯಾಗಿ ನಿಂತ ಒಬ್ಬಳು, ಸುತ್ತ ಉಳಿದವರು. ಇದನ್ನು ಮನೆಮನೆಯ ಹೆಣ್ಣುಮಕ್ಕಳಿಗೆ ಕಲಿಸುತ್ತ, ದೂರದೂರಕ್ಕೆ ಒಯ್ದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥವರ ಕೆಲಸ ಇಲ್ಲದಿದ್ದರೆ ನನ್ನಂಥವರಿಗೆ ಇದು ನೋಡಲೂ ಸಿಗುತ್ತಿರಲಿಲ್ಲ. ವೇದಿಕೆಯಲ್ಲಿ ಒಂದು ಸಣ್ಣ ಸಂಗತಿ ಕಂಡಿತು. ಮುಖ್ಯ ಅತಿಥಿಗಳಿಗೆ ಕಾಣಲೆಂದು ಸುತ್ತು ಮುಂದೆ ಬಾಯಿ ತೆರೆದು ಲಾಳದಾಕಾರ ತಾಳಿತ್ತು. ಹುಡುಗಿಯರು ಚೆನ್ನಾಗಿಯೇ ಆಡಿದರು. ಆದರೆ ಕಾವೇರಿಯಾಗಿ ನಿಂತವಳು ಆ ತೆರೆದ ಬಾಯಿಯ ಕಡೆಗೆ ನಗುತ್ತಿದ್ದಳು, ಆ ನಗೆಯ ಪರಿಚಯ ನನಗಿತ್ತು. ವೇದಿಕೆ ಕೆಟ್ಟದ್ದು ಎಂದು ನಾನು ಹೇಳಲಾರೆ, ಅದರ ಅನ್ನ ಉಂಡವಳು. ಅದು ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆ ಎನ್ನುವುದು ಗೊತ್ತಿದ್ದರೆ ಸಾಕು.

ಗೆಳತಿಯ ಗಂಡ ಕಾರಿನಲ್ಲಿ ಕೇಳಿದರು: "ಇದನ್ನೆಲ್ಲ ಸೇರಿಸಿ ನೀವೊಂದು ಪ್ರೋಗ್ರ್ಯಾಂ ಮಾಡ್ತೀರಾ? ಬೊಳಕಾಟ್, ಕೊಂಬಾಟ್ ಎಲ್ಲ ಹಾಕಿ?"

ಆಸೆ ಆಗದೆ ಇಲ್ಲ. ದೀಪದ ಸುತ್ತ ಚವರಿ ಬೀಸುವ ಬೊಳಕಾಟ್, ಗುಡಿಯಲ್ಲಿ ಜಿಂಕೆಯ ಕೊಂಬು ಹಿಡಿದು ಆಡುವ ಕೊಂಬಾಟ್. ಸ್ಲೈಡಿನಲ್ಲಿ ಹಾಕಿದರೆ ಅನುದಾನದ ಅರ್ಜಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಕೊಂಬಾಟ್ ಆ ಗುಡಿಯದ್ದು, ಆ ನಾಡಿನದ್ದು, ಅದಕ್ಕೊಂದು ಹರಕೆಯ ಲೆಕ್ಕವಿದೆ. ಕೊಂಬು ಹಿಡಿಯುವವರಿಗೆ ಮನೆತನವಿದೆ, ಗುಡಿಯ ಮುಂದೆ ನಿಲ್ಲುವ ಹಕ್ಕಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಕಟ್ಟಳೆಗಳನ್ನು ಊರೂರಿನಿಂದ ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಹಾಕಿಸಿದ್ದು ನನ್ನಂಥ ಹೊರಗಿನವಳು ಬಂದು ನಾಲ್ಕು ಹೆಜ್ಜೆ ಕಿತ್ತುಕೊಂಡು ಹೋಗಲೆಂದಲ್ಲ.

"ಹೆಜ್ಜೆ ಒಂದೂ ತಗೊಳ್ಳಲ್ಲ," ಎಂದೆ.

"ಮತ್ತೇನು ತಗೊಳ್ತೀರಿ?"

"ಜಾಗ."

ಅವರಿಗೆ ಅದು ಎಸ್ಟೇಟ್ ಮಾತಿನಂತೆ ಕೇಳಿರಬೇಕು. ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದರು.

ಈಗ ಮೈಸೂರು, ಒಂದು ಶಾಲೆಯ ಸಭಾಂಗಣ. ತಾಲೀಮಿನ ದಿನ. ಕುರ್ಚಿಗಳನ್ನು ಕೆಳಗೆ, ನಾಲ್ಕೂ ಕಡೆ ಹಾಕಿಸಿದ್ದೇನೆ. ವೇದಿಕೆಯ ಮೇಲೆ ಯಾರೂ ಇಲ್ಲ, ಅಲ್ಲಿ ಚಪ್ಪಲಿ ಇಡಲು ಹೇಳಿದ್ದೇನೆ. ಶಾಲೆಯ ಜವಾನರಿಗೆ ಅದು ಸರಿ ಕಾಣಲಿಲ್ಲ, ಬಿಟ್ಟ ಚಪ್ಪಲಿಗಳನ್ನು ಮತ್ತೆ ಬಾಗಿಲ ಹೊರಗಿಟ್ಟಿದ್ದಾರೆ. ನಡುವೆ ಹನ್ನೆರಡು ಅಡಿಯ ಚೌಕ, ಸೀಮೆಸುಣ್ಣದಲ್ಲಿ. ಒಳಗೆ ನಾನು, ಹತ್ತಿಯ ಸೀರೆ, ಒಂದೇ ಸಾಲು ಗೆಜ್ಜೆ.

ಟೀಚರ್ ಬಂದರು. ಬರುವುದಿಲ್ಲವೇನೋ ಅಂದುಕೊಂಡಿದ್ದೆ. ಒಳಗೆ ಕಾಲಿಟ್ಟವರು ಒಂದು ಸುತ್ತು ಕುರ್ಚಿಗಳನ್ನು ನೋಡಿ, "ನಾನೆಲ್ಲಿ ಕೂತ್ಕೊಳ್ಳಲಿ?" ಎಂದರು. ಕಛೇರಿಯಲ್ಲಿ ಅವರ ಜಾಗ ನನ್ನ ಬಲಕ್ಕೆ, ನಟುವಾಂಗ ಹಿಡಿದು. ಇವತ್ತು ಬಲ ಎನ್ನುವುದು ಆಗಾಗ ಬದಲಾಗುತ್ತದೆ.

"ಎಲ್ಲಾದ್ರೂ ಕೂತ್ಕೊಳ್ಳಿ ಟೀಚರ್. ಒಂದಲ್ಲ ಒಂದು ಸಲ ನಿಮ್ಮ ಕಡೆ ಬರ್ತೀನಿ."

"ಬಂದಾಗ ನೋಡ್ಕೊಳ್ತೀನಿ ಅರಮಂಡಿ ಇದೆಯೋ ಇಲ್ವೋ," ಎಂದು ಕಿಟಕಿಯ ಹತ್ತಿರ, ಗಾಳಿ ಬರುವ ಕಡೆ ಕೂತರು.

ಲೈಟಿನ ಹುಡುಗ ಏಣಿಯ ಮೇಲಿಂದ ಕೂಗಿದ: "ಮೇಡಂ, ಫ್ರಂಟ್ ಯಾವ್ದು? ಫೋಕಸ್ ಎಲ್ಲಿ ಹೊಡೀಲಿ?" ಟ್ಯೂಬ್‌ಲೈಟ್ ಸಾಕು ಎಂದೆ. ಅವನು ಬಾಡಿಗೆಗೆ ತಂದಿದ್ದ ನಾಲ್ಕು ಪಾರ್ ಲೈಟುಗಳನ್ನು ನೋಡಿ, ನನ್ನನ್ನು ನೋಡಿ, ಬೀಡಿ ಸೇದಲು ಹೊರಗೆ ಹೋದ.

ನಿಜವಾದ ತಕರಾರು ಮೃದಂಗದವರದ್ದು. ಅರಂಗೇಟ್ರದಿಂದ ನನಗೆ ನುಡಿಸುತ್ತ ಬಂದವರು, ನನ್ನ ಕಾಲಿನ ಗುಣದೋಷ ನನಗಿಂತ ಚೆನ್ನಾಗಿ ಬಲ್ಲವರು. ತಿಶ್ರ ನಡೆಯೆಂದಾಗ ತಲೆಯಾಡಿಸಿದರು. ಬಲಗಾಲು ತಡ ಮಾಡುತ್ತೇನೆ, ನೀವು ಅದನ್ನು ಮುಚ್ಚಿಹಾಕಬೇಡಿ, ಖಾಲಿ ಬಿಡಿ ಎಂದಾಗ ನಕ್ಕರು. "ಇಷ್ಟು ವರ್ಷ ಮುಚ್ಚಿದ್ದು ಯಾರು ಅಂದ್ಕೊಂಡೆ?" ಎಂದರು. ಜತಿಗೆ ತೀರ್ಮಾನ ಇಲ್ಲ ಎಂದಾಗ ಮಾತ್ರ ಮೃದಂಗವನ್ನು ಮಡಿಲಿನಿಂದ ಇಳಿಸಿದರು.

"ತೀರ್ಮಾನ ಇಲ್ಲದೆ ಹೆಂಗಮ್ಮ? ಎಲ್ಲಿ ನಿಲ್ಲಿಸ್ಲಿ ನಾನು?"

"ನನಗೆ ಸುಸ್ತಾದಾಗ ನಿಲ್ಲಿಸಿ. ನಿಮಗೆ ಗೊತ್ತಾಗುತ್ತೆ."

"ನನಗೇ ಮೊದ್ಲು ಸುಸ್ತಾದ್ರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಟೀಚರ್ ಕಿಟಕಿಯ ಹತ್ತಿರದಿಂದ, "ಆಗ ಅವಳು ನಿಮಗೋಸ್ಕರ ಕಾಯ್ಲಿ, ಕಾಲು ತಡ ಮಾಡೋದು ಹೇಗೂ ಅಭ್ಯಾಸ ಇದೆಯಲ್ಲ," ಎಂದರು. ಮೃದಂಗದವರು ಗೊಣಗುತ್ತಲೇ ವಾದ್ಯವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಶ್ರುತಿ ನೋಡತೊಡಗಿದರು. ನಾನು ಚೌಕದ ಮೂಲೆಗೆ ಹೋಗಿ ನಿಂತೆ.